ಬೆಳಕು ಎಷ್ಟು ಬೇಕು, ವಿದ್ಯುತ್ ಎಷ್ಟು ಬೇಕು?

1987ರಲ್ಲಿ ಕರ್ನಾಟಕ ಸರ್ಕಾರ ನೇಮಿಸಿದ್ದ ಸಮಿತಿಯೊಂದು ರಾಜ್ಯದ ವಿದ್ಯುತ್ ಯೋಜನೆಗಳ ಬಗ್ಗೆ ದೀರ್ಘಾವಧಿಯ ವರದಿ ಕೊಟ್ಟಿತು. 2000ನೇ ಇಸವಿಗೆ ಸುಮಾರು 9,400 ಮೆಗಾವಾಟ್ ಸ್ಥಾಪಿತ ಸಾಮರ್ಥ್ಯ ಬೇಕಾಗುತ್ತದೆ ಎಂಬುದು ಅದರ ಅಂದಾಜು. ಅಷ್ಟನ್ನು ಕಟ್ಟಿ ನಿಲ್ಲಿಸಿದ ಮೇಲೂ ಕೊರತೆ ನೀಗುವುದಿಲ್ಲ ಎಂದೂ ಆ ವರದಿಯೇ ಒಪ್ಪಿಕೊಂಡಿತ್ತು. ನಾಲ್ಕು ವರ್ಷಗಳ ಬಳಿಕ, 1991ರ ಏಪ್ರಿಲ್‌ನಲ್ಲಿ, ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯ ಎರಡು ಸಂಚಿಕೆಗಳಲ್ಲಿ ಕರ್ನಾಟಕದ ವಿದ್ಯುತ್ತಿನ ಬಗ್ಗೆ ಇನ್ನೊಂದು ಲೆಕ್ಕ ಪ್ರಕಟವಾಯಿತು. ಬರೆದವರು ಅಮೂಲ್ಯ ರೆಡ್ಡಿ, ಜಿ.ಡಿ. ಸುಮಿತ್ರಾ, ಪಿ. ಬಾಲಚಂದ್ರ ಮತ್ತು ಆಂಟೊನೆಟ್ ಡಿಸಾ. ಅದೇ 2000ನೇ ಇಸವಿಗೆ ಸುಮಾರು 4,000 ಮೆಗಾವಾಟ್ ಸಾಕು ಎಂದು ಅವರು ತೋರಿಸಿದರು. ಸಮಿತಿ ಹೇಳಿದ ಯೂನಿಟ್ಟುಗಳಲ್ಲಿ ಶೇ 38ರಷ್ಟು ಉತ್ಪಾದನೆ, ಸುಮಾರು ಮೂರನೇ ಒಂದು ಭಾಗದ ಖರ್ಚು. ರಾಜ್ಯದ ಪ್ರತಿ ಮನೆಗೂ ದೀಪ ಕೊಡುವ ಲೆಕ್ಕ ಅದರೊಳಗೇ ಇತ್ತು.

ಒಂದೇ ರಾಜ್ಯ, ಒಂದೇ ಗಡುವು, ಅಂದಾಜಿನಲ್ಲಿ ಮಾತ್ರ ಎರಡು ಪಟ್ಟಿಗೂ ಮೀರಿದ ಅಂತರ. ಇದು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ವಿಧಾನಸೌಧವನ್ನೂ ವಿದ್ಯುತ್ ಮಂಡಳಿಯ ಕಚೇರಿಯನ್ನೂ ದಾಟಿ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿಗೆ ಬರಬೇಕಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಸಣ್ಣ ತಂಡ ಅಲ್ಲಿನ ಹಳ್ಳಿಗಳಲ್ಲಿ ಕೂತು ಸೌದೆಯ ಹೊರೆ ತೂಗಿದ ದಿನಗಳಿಂದಲೇ ಈ ಎರಡನೇ ಲೆಕ್ಕ ಆರಂಭವಾಗಿದೆ. ವಿಶ್ವವಿದ್ಯಾಲಯವೊಂದು ಇಂಧನ ನೀತಿಯನ್ನು ಅಧ್ಯಯನ ಮಾಡುವುದೆಂದರೆ ಏನು, ಅದರಿಂದ ನಾಡಿಗೆ ಏನು ದಕ್ಕಿತು, ಏನು ದಕ್ಕಲಿಲ್ಲ ಎಂದು ನೋಡುವುದಕ್ಕೆ ಇದಕ್ಕಿಂತ ತಕ್ಕ ಉದಾಹರಣೆ ನನಗೆ ತಿಳಿದಿಲ್ಲ.

ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಈ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು; 1958ರಲ್ಲಿ ಅದಕ್ಕೆ ವಿಶ್ವವಿದ್ಯಾಲಯಕ್ಕೆ ಸಮನಾದ ಮಾನ್ಯತೆ ಸಿಕ್ಕಿತು. ಲೋಹ, ವಿಮಾನ, ವಿದ್ಯುತ್, ರಸಾಯನ ಅಲ್ಲಿನ ಹೆಸರಾಂತ ವಿಭಾಗಗಳು. 1974ರಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವುದು ಅದರ ಕೆಲಸ. ಮುಂದೆ ನಿಂತವರು ಅಮೂಲ್ಯ ರೆಡ್ಡಿ. 1930ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಲಂಡನ್ನಿನಲ್ಲಿ ಡಾಕ್ಟರೇಟ್ ಮಾಡಿ, ಜಾನ್ ಬಾಕ್ರಿಸ್ ಜತೆ ವಿದ್ಯುತ್-ರಸಾಯನಶಾಸ್ತ್ರದ ಬಗ್ಗೆ ಬರೆದ ಪಠ್ಯಪುಸ್ತಕದಿಂದ ಜಗತ್ತಿನಾದ್ಯಂತ ಹೆಸರಾದವರು. ಆ ಪುಸ್ತಕ ಬಂದದ್ದು 1970ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ಅವರು ಪ್ರಯೋಗಾಲಯದ ಎಲೆಕ್ಟ್ರೋಡುಗಳನ್ನು ಬಿಟ್ಟು ಹಳ್ಳಿಯ ಒಲೆ, ಸಗಣಿ, ಮಣ್ಣಿನ ಗೋಡೆಗಳತ್ತ ತಿರುಗಿದರು. ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಬೆನ್ನಿಗಿದ್ದರು. ಇಸ್ರೊದ ರಾಕೆಟ್ಟುಗಳ ಹೊಣೆ ಹೊತ್ತಿದ್ದ ಧವನ್ ಅವರೇ ಒಲೆಯ ಸಂಶೋಧನೆಗೂ ಸ್ಥಾನ ಕೊಟ್ಟರು ಎಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ.

1973ರ ತೈಲ ಬಿಕ್ಕಟ್ಟಿನ ಬಳಿಕ ಜಗತ್ತೆಲ್ಲ ಪೆಟ್ರೋಲಿನ ಮಾತಾಡುತ್ತಿದ್ದ ಕಾಲವದು. ಅಸ್ತ್ರದವರು ಕೇಳಿದ ಪ್ರಶ್ನೆ ಬೇರೆ: ಪೆಟ್ರೋಲನ್ನು ಕಾಣದ ಊರಿನಲ್ಲಿ ಜನ ಯಾವ ಶಕ್ತಿಯಿಂದ ಬದುಕುತ್ತಾರೆ? ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ವಿಸ್ತರಣಾ ಕೇಂದ್ರ ಮಾಡಿಕೊಂಡು ಸುತ್ತಲಿನ ಆರು ಹಳ್ಳಿಗಳನ್ನು ಮನೆಮನೆಯೂ ಸಮೀಕ್ಷೆ ಮಾಡಿದರು. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಪುರ. 1970ರ ದಶಕದ ಕೊನೆಯಲ್ಲಿ ಅಲ್ಲಿ ಐವತ್ತಾರು ಮನೆ, ಮುನ್ನೂರೈವತ್ತು ಚಿಲ್ಲರೆ ಜನ.

ಅವರು ಲೆಕ್ಕಕ್ಕೆ ತೆಗೆದುಕೊಂಡದ್ದರಲ್ಲೇ ಹೊಸತನವಿತ್ತು. ಸರ್ಕಾರದ ಕಡತದಲ್ಲಿ ಇಂಧನ ಅಂದರೆ ಕಲ್ಲಿದ್ದಲು, ತೈಲ, ವಿದ್ಯುತ್. ಪುರದಲ್ಲಿ ಬಳಕೆಯಾಗುವ ಶಕ್ತಿಯಲ್ಲಿ ಸುಮಾರು ಶೇ 89 ಸೌದೆಯದು. ಅದರ ನಂತರದ ಸ್ಥಾನ ಮನುಷ್ಯರ ಮೈಬಲದ್ದು, ಸುಮಾರು ಶೇ 7. ಸೀಮೆಎಣ್ಣೆ, ಎತ್ತು, ವಿದ್ಯುತ್ ಇವೆಲ್ಲ ಒಂದೆರಡು ಶೇಕಡಾದ ಬಾಬತ್ತು. ಆ ಮೈಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು, ಮಕ್ಕಳ ಪಾಲೂ ಕಡಿಮೆಯಲ್ಲ. ಸೌದೆ ಆಯುವುದು, ನೀರು ಹೊರುವುದು, ಹೊಲಕ್ಕೆ ಬುತ್ತಿ ಒಯ್ಯುವುದು, ದನ ಮೇಯಿಸುವುದು — ಯಾವ ಇಂಧನ ಇಲಾಖೆಯೂ ಎಣಿಸದ ಈ ಕೆಲಸಗಳನ್ನು ಅವರು ಗಂಟೆ ಮತ್ತು ಕಿಲೋಮೀಟರುಗಳಲ್ಲಿ ಅಳೆದರು. ಸೌದೆಯ ಬಹುಪಾಲು ಪುಕ್ಕಟೆಯಾಗಿ ಆಯ್ದು ತಂದದ್ದು. ಅದರಲ್ಲೂ ಪುಳ್ಳೆ, ಚಕ್ಕೆ, ಒಣಗಿದ ರೆಂಬೆಗಳೇ ಹೆಚ್ಚು.

ಈ ಕೊನೆಯ ಮಾತಿನ ತೂಕ ಆಗ ಬಹಳ. ಕಾಡು ಕರಗುವುದಕ್ಕೆ ಹಳ್ಳಿಯ ಬಡವರ ಒಲೆಯೇ ಕಾರಣ ಎಂದು ಅಧಿಕಾರಿಗಳು ಅನುಮಾನವಿಲ್ಲದೆ ಹೇಳುತ್ತಿದ್ದರು. ಮರ ಕಡಿಯದೆ ಪುಳ್ಳೆ ಆಯುವವರ ಮೇಲೆ ಆ ಆರೋಪ ಹೊರಿಸಲು ಬರುವುದಿಲ್ಲ. ಹಾಗಾದರೆ ದಿಮ್ಮಿಗಳು ಎಲ್ಲಿಗೆ ಹೋಗುತ್ತಿದ್ದವು? ಬಿ. ಸುಧಾಕರ ರೆಡ್ಡಿ ಮತ್ತು ಅಮೂಲ್ಯ ರೆಡ್ಡಿ ಬೆಂಗಳೂರಿನ ಸೌದೆ ಡಿಪೊಗಳ ಬೆನ್ನು ಹತ್ತಿದರು. 1983ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ನಗರಕ್ಕೆ ವರ್ಷವರ್ಷವೂ ಲಕ್ಷಗಟ್ಟಲೆ ಟನ್ ಸೌದೆ ಲಾರಿಗಳಲ್ಲಿ ದೂರದ ಕಾಡುಗಳಿಂದ ಬರುತ್ತಿತ್ತು. ಶ್ರೇಣೀಕೃತ ಸಮಾಜದಲ್ಲಿ ಇಂಧನ ಎಂಬುದು ಅವರ ಪ್ರಬಂಧದ ವಿಷಯ. ಯಾವ ವರ್ಗ ಯಾವ ಇಂಧನ ಉರಿಸುತ್ತದೆ, ಅದಕ್ಕೆ ಎಷ್ಟು ತೆರುತ್ತದೆ ಎಂದು ಆದಾಯವಾರು ಬಿಡಿಸಿಟ್ಟರು. ಇಂಧನ ನೀತಿ ಎಂದರೆ ಯಂತ್ರಗಳ ಪ್ರಶ್ನೆಯಷ್ಟೇ ಆಗಿರದೆ ಮನೆಮನೆಯ ಅಂತಸ್ತಿನ ಪ್ರಶ್ನೆಯೂ ಹೌದು ಎಂಬುದು ನಮ್ಮ ನಾಡಿನಲ್ಲಿ ಅಂಕಿಅಂಶದ ಬಲದಿಂದ ಸ್ಥಾಪಿತವಾದದ್ದು ಇಂಥ ಕೆಲಸಗಳಿಂದ.

ಅಳತೆಯ ಬೆನ್ನಲ್ಲೇ ಉಪಾಯ ಬರಬೇಕು. ಅಸ್ತ್ರ ಒಲೆ ಎಲ್ಲರಿಗೂ ಗೊತ್ತು. ಕೆ.ಎಸ್. ಜಗದೀಶ್, ಎಸ್.ಎಸ್. ಲೋಕ್ರಾಸ್ ಮೊದಲಾದವರು ರೂಪಿಸಿದ ಮೂರು ಪಾತ್ರೆಯ, ಹೊಗೆ ಕೊಳವೆಯ ಮಣ್ಣಿನ ಒಲೆ ಅದು. ಹಳೆಯ ಮೂರು ಕಲ್ಲಿನ ಒಲೆ ಸೌದೆಯ ಶಾಖದಲ್ಲಿ ಹತ್ತರಲ್ಲೊಂದು ಪಾಲನ್ನೂ ಪಾತ್ರೆಗೆ ಮುಟ್ಟಿಸುತ್ತಿರಲಿಲ್ಲ; ಇದು ಮೂರು ಪಾಲಿಗಿಂತ ಹೆಚ್ಚು ಮುಟ್ಟಿಸಿತು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಮೂಲಕ ಸಾವಿರಾರು ಹಳ್ಳಿಗಳ ಅಡುಗೆಮನೆಗೆ ಹೋಯಿತು. ಅದೇ ತತ್ವ ಆಮೇಲೆ ಆಲೆಮನೆಗೂ, ಹೊಗೆಸೊಪ್ಪಿನ ಬ್ಯಾರನ್ನುಗಳಿಗೂ, ರೇಷ್ಮೆಗೂಡು ಬೇಯಿಸುವ ಒಲೆಗೂ ವಿಸ್ತರಿಸಿತು.

ನನ್ನ ದೃಷ್ಟಿಯಲ್ಲಿ ಒಲೆಗಿಂತ ಹೆಚ್ಚು ಕಲಿಸುವುದು ಪುರದ ಗೋಬರ್ ಗ್ಯಾಸಿನ ಕಥೆ. ಊರಿನ ದನಗಳ ಸಗಣಿಯನ್ನೆಲ್ಲ ಒಂದೇ ಸ್ಥಾವರಕ್ಕೆ ಹಾಕಿ ಎಲ್ಲ ಮನೆಗಳ ಅಡುಗೆಗೆ ಅನಿಲ ಕೊಡಬೇಕು ಎಂಬುದು ಮೊದಲ ಯೋಜನೆ. ವಿಜ್ಞಾನಿಗಳ ಮನಸ್ಸಿನಲ್ಲಿ ಅಡುಗೆಯೇ ಮುಖ್ಯ, ಏಕೆಂದರೆ ಅವರ ಸಮೀಕ್ಷೆಯಲ್ಲಿ ಸೌದೆಯ ಪಾಲು ಅಷ್ಟು ದೊಡ್ಡದಿತ್ತು. ಅನಿಲ ಊರಿನ ಎಲ್ಲ ಅಡುಗೆಗೆ ಸಾಲಲಿಲ್ಲ. ಪುಳ್ಳೆ ಪುಕ್ಕಟೆ ಸಿಗುವ ಕಡೆ ಅರ್ಧ ಅಡುಗೆಗೆ ಅನಿಲ, ಉಳಿದರ್ಧಕ್ಕೆ ಸೌದೆ ಎಂಬ ಏರ್ಪಾಡು ಜನರಿಗೆ ಬೇಡವಾಯಿತು. ಯೋಜನೆ ನಿಂತಿತು.

ಇಲ್ಲಿಗೆ ಒಂದು ಪ್ರಬಂಧ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ತಂಡ ಹಾಗೆ ಮಾಡದೆ ಊರಿನವರನ್ನೇ ಕೇಳಿತು: ನಿಮಗೆ ಮೊದಲು ಬೇಕಾದ್ದು ಯಾವುದು? ನೀರು, ಎಂದರು. 1987ರ ಸೆಪ್ಟೆಂಬರಿನಿಂದ ಅದೇ ಅನಿಲ ಡೀಸೆಲ್ ಎಂಜಿನ್ನಿಗೆ ಹೋಗತೊಡಗಿತು. ಏಳು ಅಶ್ವಶಕ್ತಿಯ ಆ ಎಂಜಿನ್ ಜನರೇಟರನ್ನು ತಿರುಗಿಸಿತು. ಕೊಳವೆಬಾವಿಯ ನೀರು ಮೇಲೆ ಬಂದು ಬೀದಿ ನಲ್ಲಿಗಳಲ್ಲಿ ಹರಿಯಿತು, ಸಂಜೆ ಮನೆಗಳಲ್ಲಿ ದೀಪ ಉರಿಯಿತು. ಸಗಣಿ ತಂದವರಿಗೆ ತೂಕದ ಲೆಕ್ಕದಲ್ಲಿ ಕೂಲಿ, ಅನಿಲ ತೆಗೆದ ಮೇಲಿನ ಬಗ್ಗಡ ಅವರವರ ತಿಪ್ಪೆಗೆ ವಾಪಸು. ಸಗಣಿ ಹೊರುವವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು, ಆದ್ದರಿಂದ ಆ ಸಣ್ಣ ಕಾಸೂ ಅವರ ಕೈಗೇ ಬಂತು. ಬಗ್ಗಡ ಕೊಟ್ಟಿಗೆ ಗೊಬ್ಬರಕ್ಕಿಂತ ಕಡೆಯಲ್ಲ ಎಂದು ರೈತರಿಗೆ ಮನವರಿಕೆಯಾದ ಮೇಲೆಯೇ ಏರ್ಪಾಡು ಕುದುರಿದ್ದು. ಊರಿನ ಹುಡುಗರೇ ಯಂತ್ರ ನಡೆಸಿದರು, ಊರಿನ ಸಮಿತಿಯೇ ತಿಂಗಳ ಹಣ ವಸೂಲಿ ಮಾಡಿತು.

ಹಣ ಯಾಕೆ ಸರಿಯಾಗಿ ಬಂತು? ಇದಕ್ಕೆ ಅಮೂಲ್ಯ ರೆಡ್ಡಿ ಕೊಟ್ಟ ವಿವರಣೆ ಇಂದಿಗೂ ಓದಬೇಕಾದ್ದು. ಸಾಮೂಹಿಕ ಸಂಪತ್ತನ್ನು ಪ್ರತಿಯೊಬ್ಬನೂ ತನ್ನ ಲಾಭಕ್ಕೆ ಎಳೆದುಕೊಂಡು ಕೊನೆಗೆ ಎಲ್ಲರೂ ಕೆಡುತ್ತಾರೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಪುರದಲ್ಲಿ ನಡೆದದ್ದು ಅದರ ಎದುರು ದಿಕ್ಕಿನದು ಎಂದರು ರೆಡ್ಡಿ. ಸಗಣಿ ಕಡಿಮೆಯಾದರೆ ನಾಳೆ ಎಲ್ಲರ ನಲ್ಲಿಯೂ ಒಣಗುತ್ತದೆ, ತನ್ನ ಮನೆಯದೂ ಸೇರಿ. ತನ್ನ ಹಿತಕ್ಕಾಗಿಯೇ ಊರಿನ ಹಿತ ಕಾಯಬೇಕಾದ ಹಾಗೆ ವ್ಯವಸ್ಥೆ ಕಟ್ಟಿದ್ದರಿಂದ ಅದು ಸುಮಾರು ಒಂದು ದಶಕ ನಡೆಯಿತು. ಹತ್ತಿರದ ಹೊಸಹಳ್ಳಿಯಲ್ಲಿ 1988ರಿಂದ ಇದೇ ಬಗೆಯ ಇನ್ನೊಂದು ಪ್ರಯೋಗ ನಡೆಯಿತು. ಅಲ್ಲಿ ಸಗಣಿಯ ಬದಲು ಸೌದೆಯಿಂದ ಅನಿಲ ತೆಗೆಯುವ ಗ್ಯಾಸಿಫೈಯರ್. ಸೌದೆಗೆ ಊರಿನ ಪಕ್ಕದಲ್ಲೇ ಬೆಳೆಸಿದ ತೋಪು. ವಿದ್ಯುತ್ ಕಂಬವೇ ಇಲ್ಲದ, ಮೂವತ್ತೈದು ಮನೆಗಳ ಆ ಹಳ್ಳಿಗೆ ದೀಪ, ನೀರು, ಹಿಟ್ಟಿನ ಗಿರಣಿ ಬಂದವು.

ಕುಣಿಗಲ್ಲಿನಲ್ಲಿ ಕಲಿತದ್ದನ್ನು ರೆಡ್ಡಿ ಜಗತ್ತಿನ ಮಟ್ಟಕ್ಕೆ ಒಯ್ದರು. ಬ್ರೆಜಿಲಿನ ಹೋಸೆ ಗೋಲ್ಡೆಂಬರ್ಗ್, ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಥಾಮಸ್ ಯೋಹಾನ್ಸನ್, ಅಮೆರಿಕದ ಪ್ರಿನ್ಸ್‌ಟನ್ನಿನ ರಾಬರ್ಟ್ ವಿಲಿಯಮ್ಸ್ ಮತ್ತು ಬೆಂಗಳೂರಿನ ರೆಡ್ಡಿ — ಈ ನಾಲ್ವರೂ ವಿಶ್ವವಿದ್ಯಾಲಯದವರೇ. 1985ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಸಾರ ಹೀಗೆ: ಉತ್ತಮ ಯಂತ್ರ, ಉತ್ತಮ ಒಲೆ, ಉತ್ತಮ ದೀಪಗಳನ್ನು ಬಳಸಿದರೆ ತಲೆಗೆ ಒಂದು ಕಿಲೋವಾಟ್ ಶಕ್ತಿಯಲ್ಲಿ ಬಡ ದೇಶಗಳ ಜನ 1970ರ ದಶಕದ ಪಶ್ಚಿಮ ಯುರೋಪಿನವರ ಮಟ್ಟದಲ್ಲಿ ಬಾಳಬಹುದು. ಅವರ ‘ಎನರ್ಜಿ ಫಾರ್ ಎ ಸಸ್ಟೇನಬಲ್ ವರ್ಲ್ಡ್’ ಪುಸ್ತಕ 1988ರಲ್ಲಿ ಬಂತು. ಅವರು ಚಿತ್ರಿಸಿದ ಮಿತಬಳಕೆಯ ಭವಿಷ್ಯ 1987ರ ಬ್ರಂಟ್‌ಲ್ಯಾಂಡ್ ಆಯೋಗದ ವರದಿಯಲ್ಲೂ ಸ್ಥಾನ ಪಡೆಯಿತು. 1980ರಲ್ಲಿ ಜಗತ್ತಿನ ಬಳಕೆ 10.3 ಟೆರಾವಾಟ್, 2020ಕ್ಕೆ ಅದನ್ನು 11.2ರಲ್ಲೇ ನಿಲ್ಲಿಸಬಹುದು ಎಂದು ಅವರ ಲೆಕ್ಕ. ನಿಜವಾಗಿ 2020ರ ಹೊತ್ತಿಗೆ ಜಗತ್ತು 18 ಟೆರಾವಾಟನ್ನು ಮುಟ್ಟಿಬಿಟ್ಟಿತ್ತು. ಲೆಕ್ಕ ತಪ್ಪಿತು ಎಂದು ಇದನ್ನು ಓದುವವರಿದ್ದಾರೆ. ಆದರೆ ನಾಲ್ವರೂ ಭವಿಷ್ಯ ನುಡಿದವರಲ್ಲ, ಒಂದು ದಾರಿ ತೋರಿದವರು. ಆ ದಾರಿಯಲ್ಲಿ ನಡೆಯದೆ ಇದ್ದುದರ ಬೆಲೆಯನ್ನು ಈಗಿನ ಬೇಸಿಗೆಗಳು ವಸೂಲಿ ಮಾಡುತ್ತಿವೆ.

ಇಷ್ಟು ಹಿನ್ನೆಲೆಯೊಂದಿಗೆ 1991ರ ಕರ್ನಾಟಕದ ಲೆಕ್ಕಕ್ಕೆ ಮರಳಬಹುದು. ಅದಕ್ಕೆ ‘ಡಿಫೆಂಡಸ್’ ಎಂದು ಹೆಸರಿಟ್ಟಿದ್ದರು. ಅಭಿವೃದ್ಧಿಯನ್ನು ಗುರಿಯಾಗಿಸಿಕೊಂಡು, ಕೊನೆಯ ಬಳಕೆಯಿಂದ ಹಿಂದಕ್ಕೆ ಎಣಿಸುತ್ತ ಬರುವ ವಿಧಾನ. ಮಂಡಳಿಗಳು ಲೆಕ್ಕ ಹಾಕುವ ಬಗೆ ಬೇರೆ. ಕಳೆದ ಹತ್ತು ವರ್ಷ ಬೇಡಿಕೆ ಎಷ್ಟು ಬೆಳೆಯಿತೋ ಮುಂದೆಯೂ ಹಾಗೆಯೇ ಬೆಳೆಯುತ್ತದೆ ಎಂದು ಗೆರೆ ಎಳೆದು, ಆ ಗೆರೆ ಮುಟ್ಟಿದಲ್ಲಿಗೆ ಎಷ್ಟು ಮೆಗಾವಾಟ್ ಎಂದು ಹೇಳುವುದು. ಬೆಳೆದದ್ದು ಯಾರ ಬೇಡಿಕೆ, ಯಾವುದಕ್ಕೆ ಎಂಬ ವಿಚಾರಣೆ ಅದರಲ್ಲಿಲ್ಲ. ರೆಡ್ಡಿ ತಂಡ ಗ್ರಾಹಕರನ್ನು ಬಗೆಬಗೆಯಾಗಿ ವಿಂಗಡಿಸಿತು. ದೀಪ ಮಾತ್ರ ಇರುವ ಮನೆಗಳು ಎಷ್ಟು, ಎಇಎಚ್ (ಆಲ್ ಎಲೆಕ್ಟ್ರಿಕ್ ಹೋಮ್) ಸಂಪರ್ಕದ ಮನೆಗಳು ಎಷ್ಟು, ಪಂಪ್‌ಸೆಟ್ಟುಗಳೆಷ್ಟು, ಸಣ್ಣ ಕೈಗಾರಿಕೆ ಎಷ್ಟು, ಹೈಟೆನ್ಷನ್ ಕಾರ್ಖಾನೆ ಎಷ್ಟು. ಪ್ರತಿ ಬಗೆಯಲ್ಲೂ ಒಬ್ಬೊಬ್ಬರು ಎಷ್ಟು ಯೂನಿಟ್ ಬಳಸುತ್ತಾರೆ. ಇವೆರಡನ್ನು ಗುಣಿಸಿ ಕೂಡಿದರೆ ಬೇಡಿಕೆ. ಗ್ರಾಹಕರ ಸಂಖ್ಯೆಯನ್ನು ಅವರು ಕಡಿಮೆ ಮಾಡಲಿಲ್ಲ, ಬಡ ಮನೆಗಳ ವಿಷಯದಲ್ಲಿ ಹೆಚ್ಚಿಸಿದರು. ಕಡಿಮೆ ಮಾಡಿದ್ದು ಪೋಲನ್ನು.

ಎಇಎಚ್ ಮೀಟರಿನ ಮನೆಗಳಲ್ಲಿ ಸ್ನಾನದ ನೀರು ಗೀಸರಿನಲ್ಲಿ ಕಾಯುತ್ತಿತ್ತು, ಕೆಲವೆಡೆ ಅಡುಗೆಯೂ ವಿದ್ಯುತ್ತಿನಲ್ಲೇ. ಶರಾವತಿಯ ನೀರು ಹರಿಸಿ ಮಾಡಿದ ವಿದ್ಯುತ್ತನ್ನು ನೂರಾರು ಕಿಲೋಮೀಟರ್ ತಂತಿಯಲ್ಲಿ ತಂದು, ನಾಲ್ವತ್ತು ಡಿಗ್ರಿಗೆ ನೀರು ಬೆಚ್ಚಗೆ ಮಾಡುವುದು ದುಬಾರಿ ಕೆಲಸ. ಬಿಸಿಲು ಅದನ್ನು ಮಾಡೀತು. ಅಡುಗೆಗೆ ಎಲ್‌ಪಿಜಿ ಆದೀತು. ಬುರುಡೆ ಬಲ್ಬಿನ ಜಾಗಕ್ಕೆ ಸಿಎಫ್ಎಲ್ ಬಂದರೆ ಅಷ್ಟೇ ಬೆಳಕಿಗೆ ನಾಲ್ಕರಲ್ಲೊಂದು ಪಾಲು ವಿದ್ಯುತ್ ಸಾಕು. ಪಂಪ್‌ಸೆಟ್ಟುಗಳಲ್ಲಿ ಫೂಟ್ ವಾಲ್ವ್ ಬದಲಿಸಿ, ಕಬ್ಬಿಣದ ಪೈಪಿನ ಬದಲು ಪ್ಲಾಸ್ಟಿಕ್ ಪೈಪ್ ಹಾಕಿದರೂ ಸಾಕು, ಅಷ್ಟೇ ನೀರು ಕಡಿಮೆ ಯೂನಿಟ್ಟಿನಲ್ಲಿ ಮೇಲೆ ಬರುತ್ತದೆ. ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯಿಂದ ವಿದ್ಯುತ್ ತೆಗೆಯಬಹುದು. ಇವೆಲ್ಲವನ್ನೂ ಯೂನಿಟ್ಟಿಗೆ ತಗಲುವ ವೆಚ್ಚದ ಪ್ರಕಾರ ಅಗ್ಗದ್ದರಿಂದ ದುಬಾರಿಯ ಕಡೆಗೆ ಸಾಲಾಗಿ ಜೋಡಿಸಿದರು. ಉಳಿಸಿದ ಯೂನಿಟ್ಟಿಗೂ ಉತ್ಪಾದಿಸಿದ ಯೂನಿಟ್ಟಿಗೂ ಒಂದೇ ತಕ್ಕಡಿ. ಅಗ್ಗದ್ದೆಲ್ಲ ಮುಗಿದ ಮೇಲೂ ಬೇಕಾದರೆ ದೊಡ್ಡ ಸ್ಥಾವರ.

ಆ ತಕ್ಕಡಿಯಲ್ಲಿ ಕೈಗಾ ಹಿಂದೆ ಬಿತ್ತು. ಕಾಳಿ ಕಣಿವೆಯ ಕಾಡಿನಲ್ಲಿ ಅಣುಸ್ಥಾವರ ಬೇಡ ಎಂದು ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೇ ಸ್ಪರ್ಧಿಸಿ ಸೋತದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ. ಕಾರಂತರದು ಪರಿಸರದ, ನೀತಿಯ ಪ್ರಶ್ನೆ. ರೆಡ್ಡಿ ಎತ್ತಿದ್ದು ಬೇರೆಯೇ ಪ್ರಶ್ನೆ: ಇದು ಬೇಕೇ, ಇದು ಅಗ್ಗವೇ? 2005ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲೇ ಎಂ.ವಿ. ರಮಣ, ಆಂಟೊನೆಟ್ ಡಿಸಾ ಮತ್ತು ರೆಡ್ಡಿ ಕೈಗಾದ ಘಟಕಗಳನ್ನು ರಾಯಚೂರು ಉಷ್ಣ ಸ್ಥಾವರದ ಏಳನೇ ಘಟಕದೊಂದಿಗೆ ತುಲನೆ ಮಾಡಿದರು. ಹೂಡಿದ ಹಣಕ್ಕೆ ವಾಸ್ತವಿಕ ಬಡ್ಡಿ ಹಿಡಿದರೆ ಕಲ್ಲಿದ್ದಲಿನ ವಿದ್ಯುತ್ತೇ ಅಗ್ಗ ಎಂಬುದು ತೀರ್ಮಾನ. ಅಣುಶಕ್ತಿ ವಲಯದಿಂದ ಅದೇ ಪತ್ರಿಕೆಯಲ್ಲಿ ಪ್ರತಿವಾದ ಬಂತು. ಕೈಗಾದ ಮೊದಲ ಘಟಕ 2018ರ ಕೊನೆಗೆ 962 ದಿನ ಎಡೆಬಿಡದೆ ನಡೆದು ದಾಖಲೆ ಮಾಡಿತು ಎಂಬುದನ್ನೂ ಹೇಳಬೇಕು. ಸ್ಥಾವರ ನಡೆಸುವವರ ಕೌಶಲ ದೊಡ್ಡದು. ಇಂಗಾಲದ ಹೊಗೆಗೆ ಬೆಲೆ ಕಟ್ಟಿದರೆ ಕಲ್ಲಿದ್ದಲಿನೊಡನೆ ಮಾಡಿದ ಆ ಹೋಲಿಕೆ ಬದಲಾಗುತ್ತದೆ ಎಂಬುದೂ ನಿಜ. ಆದರೂ ಒಂದು ವೈಜ್ಞಾನಿಕ ಇಲಾಖೆಯ ಲೆಕ್ಕವನ್ನು ಹೊರಗಿನವರು ಬಹಿರಂಗವಾಗಿ ಪರೀಕ್ಷಿಸಿದ, ಇಲಾಖೆಯ ಕಡೆಯವರು ಬಹಿರಂಗವಾಗಿ ಉತ್ತರಿಸಿದ ಈ ಪ್ರಸಂಗ ಪ್ರಜಾಪ್ರಭುತ್ವಕ್ಕೆ ತಕ್ಕದ್ದು. ಇಂಥವು ನಮ್ಮಲ್ಲಿ ಬೆರಳೆಣಿಕೆಯಷ್ಟು.

ರೆಡ್ಡಿ 1991ರಲ್ಲಿ ಸಂಸ್ಥೆಯಿಂದ ಹೊರಬಂದು ಅಂತರರಾಷ್ಟ್ರೀಯ ಇಂಧನ ಉಪಕ್ರಮ ಎಂಬ ಸಂಸ್ಥೆ ಕಟ್ಟಿದರು. 2006ರಲ್ಲಿ ತೀರಿಕೊಂಡರು. ಅಸ್ತ್ರ ಈಗ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ. ಎನ್.ಎಚ್. ರವೀಂದ್ರನಾಥ್ ಹಳ್ಳಿಯ ಸೌದೆಯಿಂದ ಆರಂಭಿಸಿ ಹವಾಮಾನ ಬದಲಾವಣೆಯ ಅಂತರರಾಷ್ಟ್ರೀಯ ವರದಿಗಳವರೆಗೆ ಹೋದರು. ಪರಿಸರ ವಿಜ್ಞಾನ ಕೇಂದ್ರದ ಟಿ.ವಿ. ರಾಮಚಂದ್ರ ಉತ್ತರ ಕನ್ನಡದ ಬೇಡ್ತಿ, ಅಘನಾಶಿನಿ ಹೊಳೆಗಳ ಜಲವಿದ್ಯುತ್ತನ್ನು ಕಾಡು ಮುಳುಗುವ ಲೆಕ್ಕದೊಂದಿಗೇ ಅಳೆದು, ಅಣೆಕಟ್ಟಿನ ಎತ್ತರ ತಗ್ಗಿಸಿ ಮುಳುಗಡೆಯನ್ನು ಕುಗ್ಗಿಸುವ ದಾರಿಗಳನ್ನು ತೋರಿಸಿದರು. ಪುಣೆಯಲ್ಲಿ ಗಿರೀಶ್ ಸಂತ್ ಮತ್ತು ಗೆಳೆಯರ ಪ್ರಯಾಸ್ ಬಳಗ ಇದೇ ವಿಧಾನದಲ್ಲಿ ಮಹಾರಾಷ್ಟ್ರದ ಲೆಕ್ಕ ಮಾಡಿ, ಎನ್ರಾನ್ ಕಂಪನಿಯ ವಿದ್ಯುತ್ ಒಪ್ಪಂದವನ್ನು ಅಂಕಿಗಳಿಂದಲೇ ಎದುರಿಸಿತು. ಹೊರನಾಡಿನಲ್ಲಿ ಬರ್ಕ್ಲಿಯ ಆರ್ಥರ್ ರೋಸೆನ್‌ಫೆಲ್ಡ್ ಅವರ ಸಂಶೋಧನೆಯ ಫಲವಾಗಿ ಕ್ಯಾಲಿಫೋರ್ನಿಯ ರೆಫ್ರಿಜರೇಟರಿನಿಂದ ಹಿಡಿದು ಕಟ್ಟಡದವರೆಗೆ ದಕ್ಷತೆಯ ನಿಯಮ ಮಾಡಿತು. ದಶಕಗಟ್ಟಲೆ ಆ ರಾಜ್ಯದ ತಲಾ ವಿದ್ಯುತ್ ಬಳಕೆ ಹೆಚ್ಚೂ ಕಡಿಮೆ ಇದ್ದಲ್ಲೇ ನಿಂತಿತು. ಅಲ್ಲಿ ಪ್ರಾಧ್ಯಾಪಕರ ಲೆಕ್ಕ ಕಾನೂನಾಯಿತು. ಇಲ್ಲಿ ಬಹುಕಾಲ ಕಪಾಟಿನಲ್ಲಿ ಉಳಿಯಿತು.

ಬಹುಕಾಲ ಅಂದೆ, ಎಂದೆಂದಿಗೂ ಅಲ್ಲ. ಬೆಸ್ಕಾಂ 2004ರಲ್ಲಿ ಮನೆಗಳಿಗೆ ಸಿಎಫ್ಎಲ್ ಒದಗಿಸುವ ಕಾರ್ಯಕ್ರಮ ಆರಂಭಿಸಿತು. ಬೆಂಗಳೂರಿನ ತಾರಸಿಗಳ ಮೇಲೆ ಸೋಲಾರ್ ವಾಟರ್ ಹೀಟರ್ ಸಾಮಾನ್ಯವಾಯಿತು. ಹೊಸ ಮನೆಗಳಿಗೆ ಕಡ್ಡಾಯವಾಯಿತು, ಬಿಲ್ಲಿನಲ್ಲಿ ರಿಯಾಯಿತಿ ಬಂತು. 2001ರ ಇಂಧನ ಸಂರಕ್ಷಣಾ ಕಾಯ್ದೆ, ಫ್ಯಾನು ಫ್ರಿಜ್ಜುಗಳ ಮೇಲಿನ ನಕ್ಷತ್ರದ ಗುರುತು, 2015ರಿಂದ ಕೋಟಿಗಟ್ಟಲೆ ಹಂಚಿದ ಎಲ್ಇಡಿ ಬಲ್ಬು. ಸರ್ಕಾರ ಸಗಟಾಗಿ ಕೊಳ್ಳತೊಡಗಿದ ಮೇಲೆ ಎಲ್ಇಡಿ ಬಲ್ಬಿನ ಖರೀದಿ ಬೆಲೆ 310 ರೂಪಾಯಿಯಿಂದ ಮೂರು ವರ್ಷದೊಳಗೆ 40 ರೂಪಾಯಿಯ ಕೆಳಕ್ಕೆ ಬಂತು. 1991ರ ಪಟ್ಟಿಯಲ್ಲಿದ್ದ ಉಪಾಯಗಳು ಒಂದೊಂದಾಗಿ ದೇಶದ ನೀತಿಯಾದವು, ಹತ್ತಿಪ್ಪತ್ತು ವರ್ಷ ತಡವಾಗಿ. ಇನ್ನು ಆ ಹಳೆಯ ಸಮಿತಿಯ 9,400 ಮೆಗಾವಾಟ್? 2000ನೇ ಇಸವಿಯಲ್ಲಿ ರಾಜ್ಯ ಅದರ ಹತ್ತಿರಕ್ಕೂ ಬಂದಿರಲಿಲ್ಲ. ಅಷ್ಟು ಹಣವೇ ಇರಲಿಲ್ಲ. ದೊಡ್ಡ ಯೋಜನೆಯೂ ಆಗದೆ, ಮಿತಬಳಕೆಯ ದಾರಿಯನ್ನೂ ಹಿಡಿಯದೆ ಎರಡರ ನಡುವೆ ನಾವು ಲೋಡ್ ಶೆಡ್ಡಿಂಗಿನಲ್ಲಿ ಕೂತೆವು.

ಈ ಅಧ್ಯಯನಗಳ ಮಿತಿಯನ್ನೂ ಹೇಳದಿದ್ದರೆ ಸಮೀಕ್ಷೆ ಅಪೂರ್ಣ. ಅಸ್ತ್ರ ಒಲೆ ಕಟ್ಟಿಕೊಟ್ಟವರು ಹೋದ ಮೇಲೆ ಕೊಳವೆ ಕಟ್ಟಿಕೊಂಡರೆ, ಬಾಯಿ ಒಡೆದರೆ ದುರಸ್ತಿಗೆ ಯಾರೂ ಇರಲಿಲ್ಲ. ಸಿಲಿಂಡರ್ ಬಂದಾಗ ಹೆಂಗಸರು ಅದನ್ನೇ ಆರಿಸಿಕೊಂಡರು, ಸರಿಯಾಗಿಯೇ ಆರಿಸಿಕೊಂಡರು. ಸೌರಫಲಕದ ಬೆಲೆ ಹೀಗೆ ಕುಸಿಯುತ್ತದೆ ಎಂದು 1991ರಲ್ಲಿ ಯಾರೂ ಎಣಿಸಿರಲಿಲ್ಲ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಯೂನಿಟ್ಟಿಗೆ 2.44 ರೂಪಾಯಿಗೆ ಬಿಡ್ ಬಂತು. ಎಲ್ಲಕ್ಕಿಂತ ದೊಡ್ಡ ಮಿತಿ ಪಂಪ್‌ಸೆಟ್ಟಿನದು. ವಾಲ್ವು, ಪೈಪುಗಳ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೀಟರೇ ಇಲ್ಲದ, ಬಿಲ್ಲೇ ಬಾರದ ರೈತ ತನ್ನ ಕಾಸು ಹಾಕಿ ಪೈಪ್ ಯಾಕೆ ಬದಲಿಸಬೇಕು? 2008ರಿಂದ ಹತ್ತು ಅಶ್ವಶಕ್ತಿವರೆಗಿನ ಪಂಪುಗಳಿಗೆ ವಿದ್ಯುತ್ ಉಚಿತ. ಉಳಿತಾಯದ ಲಾಭ ವಿದ್ಯುತ್ ಕಂಪನಿಗೆ, ಖರ್ಚು ರೈತನಿಗೆ ಎಂಬ ಈ ತೊಡಕನ್ನು ಎಂಜಿನಿಯರಿಂಗ್ ಬಿಡಿಸಲಾರದು. ರಾಜಕೀಯದ ಅಧ್ಯಯನ ಬೇಕಿತ್ತು, ಅದು ಸಾಲದಾಯಿತು.

ಇವತ್ತಿನ ಕರ್ನಾಟಕವನ್ನು ನೋಡೋಣ. ಬೇಸಿಗೆಯ ಗರಿಷ್ಠ ಬೇಡಿಕೆ 17,000 ಮೆಗಾವಾಟ್ ದಾಟಿದೆ. ಪಂಪ್‌ಸೆಟ್ಟುಗಳು ಮೂವತ್ತು ಲಕ್ಷಕ್ಕೂ ಹೆಚ್ಚು. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಅವುಗಳದ್ದು ಎಂದು ಹೇಳುತ್ತಾರೆ, ಅದರ ಬಹುಭಾಗ ಮೀಟರಿಲ್ಲದ ಅಂದಾಜು. 2023ರ ಗೃಹಜ್ಯೋತಿ ಯೋಜನೆ 200 ಯೂನಿಟ್ಟಿನವರೆಗೆ ಮನೆಗಳ ಬಿಲ್ಲನ್ನು ಸರ್ಕಾರಕ್ಕೆ ದಾಟಿಸಿತು. ಬಡ ಮನೆಯ ಬಿಲ್ಲನ್ನು ಸರ್ಕಾರ ಕಟ್ಟುವುದನ್ನು ನಾನು ವಿರೋಧಿಸುವವನಲ್ಲ. ಅದೇ ಮನೆಗೆ ಒಳ್ಳೆಯ ಫ್ಯಾನನ್ನೂ ಕೊಟ್ಟರೆ ಸರ್ಕಾರಕ್ಕೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಯಾರಾದರೂ ಮಾಡಬೇಕಲ್ಲ?

ಪುರ, ಹೊಸಹಳ್ಳಿಗಳಿದ್ದ ತುಮಕೂರು ಜಿಲ್ಲೆಯಲ್ಲೇ ಈಗ ಪಾವಗಡದ ಸೌರ ಪಾರ್ಕ್ ಇದೆ: 2,050 ಮೆಗಾವಾಟ್, ಐದು ಹಳ್ಳಿಗಳ ಸುಮಾರು 13,000 ಎಕರೆ. ಭೂಮಿಯನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಗೆ ಪಡೆದದ್ದು ನಿಜಕ್ಕೂ ಒಳ್ಳೆಯ ನಡೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಆಡು ಕುರಿ ಮೇಯಿಸುತ್ತಿದ್ದ, ಸ್ವಂತ ಜಮೀನಿಲ್ಲದವರಿಗೆ ಮಾತ್ರ ಬಾಡಿಗೆ ಇಲ್ಲ. ಪುರದಲ್ಲಿ ಸಗಣಿ ಹೊತ್ತವರ ಕೈಗೆ ಕಾಸು ಮುಟ್ಟಿಸಿದಂಥ ಸೂಕ್ಷ್ಮ ಪಾವಗಡದ ವಿನ್ಯಾಸದಲ್ಲಿ ಬರಲಿಲ್ಲ. ಇನ್ನೊಂದು ತುದಿಯಲ್ಲಿ, ಶರಾವತಿ ಕಣಿವೆಯ ಸಿಂಗಳೀಕಗಳ ಅಭಯಾರಣ್ಯದಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ. ಹಗಲಿನ ಸೌರವಿದ್ಯುತ್ತನ್ನು ಸಂಜೆಗೆ ಕೂಡಿಡಬೇಕಾದ ಅಗತ್ಯ ನಿಜ. ಸಂಜೆಯ ಬೇಡಿಕೆಯನ್ನೇ ತಗ್ಗಿಸುವುದಕ್ಕೆ, ಪಂಪುಗಳನ್ನು ಹಗಲಿಗೆ ತಿರುಗಿಸುವುದಕ್ಕೆ, ಬ್ಯಾಟರಿಗೆ, ಕಾಡಿಲ್ಲದ ಜಾಗದ ಜಲಾಶಯಕ್ಕೆ ತಗಲುವ ವೆಚ್ಚವೆಷ್ಟು ಎಂದು ಎಲ್ಲವನ್ನೂ ಒಂದೇ ಸಾಲಿನಲ್ಲಿಟ್ಟ ಪಟ್ಟಿ ಜನರ ಮುಂದೆ ಬಂದ ಮೇಲೆಯೇ ಕೊಡಲಿ ಎತ್ತುವ ಮಾತು ಬರಬೇಕು. 1991ರ ವಿಧಾನ ಇದನ್ನೇ ಕೇಳುತ್ತಿತ್ತು.

ವಿದ್ಯುತ್ ಮಾರುವ ಎಸ್ಕಾಂ ಕಂಪನಿಗಳು ಇದನ್ನು ಮಾಡಲಾರವು. ಮಾರುವವರೇ ಕಡಿಮೆ ಕೊಳ್ಳಿ ಎಂದು ಲೆಕ್ಕ ಹಾಕುವುದು ಕಷ್ಟ. ಸಲಹಾ ಕಂಪನಿಗಳು ಹಣ ಕೊಟ್ಟವರ ಪ್ರಶ್ನೆಗಷ್ಟೇ ಉತ್ತರಿಸುತ್ತವೆ. ಪ್ರಶ್ನೆಯನ್ನೇ ಬದಲಿಸುವ ಸ್ವಾತಂತ್ರ್ಯ, ಒಂದು ಹಳ್ಳಿಗೆ ಹತ್ತು ವರ್ಷ ಹೋಗಿಬರುವ ತಾಳ್ಮೆ, ಪ್ರತಿವರ್ಷ ಹೊಸದಾಗಿ ಬರುವ ವಿದ್ಯಾರ್ಥಿಗಳು ಇರುವುದು ವಿಶ್ವವಿದ್ಯಾಲಯದಲ್ಲಿ. ಬೆಂಗಳೂರಿನ ಒಂದೇ ಸಂಸ್ಥೆಯ ಮೇಲೆ ಈ ಭಾರ ಹಾಕಬೇಕಾಗಿಲ್ಲ. ಧಾರವಾಡ, ಕಲಬುರಗಿ, ಶಂಕರಘಟ್ಟ, ಮಂಗಳಗಂಗೋತ್ರಿಗಳಲ್ಲಿ ಅರ್ಥಶಾಸ್ತ್ರ, ಭೂಗೋಳ, ಸಮಾಜಶಾಸ್ತ್ರದ ವಿಭಾಗಗಳಿವೆ. ಎಂಜಿನಿಯರಿಂಗ್ ಕಾಲೇಜಿಲ್ಲದ ಜಿಲ್ಲೆ ಇಲ್ಲ. ಒಂದೊಂದು ವಿಭಾಗ ಒಂದೊಂದು ತಾಲ್ಲೂಕನ್ನು ತೆಗೆದುಕೊಂಡು, ಉಂಗ್ರದಲ್ಲಿ ಮಾಡಿದಂತೆ, ಯಾರು ಯಾವ ಕೆಲಸಕ್ಕೆ ಎಷ್ಟು ಶಕ್ತಿ ಬಳಸುತ್ತಾರೆ ಎಂದು ಅಳೆದು ಕನ್ನಡದಲ್ಲಿ ಪ್ರಕಟಿಸಲಿ. ಎಸ್ಕಾಂಗಳು ಫೀಡರುವಾರು ಅಂಕಿಗಳನ್ನು ಅವರಿಗೆ ಬಿಚ್ಚಿಕೊಡಲಿ. ದರ ಪರಿಷ್ಕರಣೆಗೆ ಮುನ್ನ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತದೆ, ಬಹಿರಂಗ ವಿಚಾರಣೆ ನಡೆಸುತ್ತದೆ. ಅಲ್ಲಿ ಯಾರು ಬೇಕಾದರೂ ಲಿಖಿತವಾಗಿ ಹೇಳಿಕೆ ಸಲ್ಲಿಸಬಹುದು. ಅಧ್ಯಾಪಕರೇ, ಸಂಶೋಧನಾ ವಿದ್ಯಾರ್ಥಿಗಳೇ, ಮುಂದಿನ ವಿಚಾರಣೆಗೆ ನಿಮ್ಮ ತಾಲ್ಲೂಕಿನ ಲೆಕ್ಕದೊಂದಿಗೆ ಬನ್ನಿ.